ಪೇಯ್‌ಚೆನ್ ಕೇಳದ ಎಂಟು ಹಾಡು

ತೈವಾನಿನ ಕಾವ್‌ಶಿಯುಂಗ್ ಬಂದರಿನ ಬದಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಕೋ ಪೇಯ್‌ಚೆನ್‌ಳ ಬಾಯಿಂದ ಒಂದು ಅಭಿಪ್ರಾಯ ಹೊರಡಿಸುವುದು ಕಷ್ಟ. ಸೂಪಿಗೆ ಉಪ್ಪು ಸಾಕೇ ಎಂದು ಕೇಳಿದರೂ ಬಟ್ಟಲು ಬರಿದಾಗುವವರೆಗೆ ಉತ್ತರವಿಲ್ಲ. "ಇವಳನ್ನ ಕೇಳೋದೂ ಒಂದೇ, ಗೋಡೆನ ಕೇಳೋದೂ ಒಂದೇ" ಎಂದು ಗಂಡ ನೆಂಟರೆದುರು ಛೇಡಿಸುತ್ತಾನೆ.

ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಹೀಗಿರಲಿಲ್ಲ. ಆಗ ಊರಿನಲ್ಲಿ ‘ಉಪ್ಪುಗಾಳಿ’ ಎಂಬ ರಾಕ್ ತಂಡವಿತ್ತು. ನಾಲ್ಕೇ ಜನ, ದೊಡ್ಡ ಕಂಪನಿಯ ಆಸರೆಯಿಲ್ಲ, ಟೀವಿಯಲ್ಲಿ ಮುಖವಿಲ್ಲ. ಶನಿವಾರ ಸಂಜೆ ಹಳೆಯ ಗೋದಾಮೊಂದರಲ್ಲಿ ನುಡಿಸುತ್ತಿದ್ದರು. ಮೀನು ಮಾರುವ ತಾಯಿಗೆ ನೆರವಾಗಿ ಬಂದು ಪೇಯ್‌ಚೆನ್ ಮೊದಲ ಸಾಲಿನಲ್ಲೇ ನಿಲ್ಲುತ್ತಿದ್ದಳು. ಹಾಡುಗಾರ ಲೋ ಚಿಂಗ್‌ಹಾನ್ ಮನೆಯ ತೈವಾನಿ ಮಾತಿನಲ್ಲೇ ಹಾಡು ಕಟ್ಟುತ್ತಿದ್ದ. ಅಮ್ಮ ಗಿರಾಕಿಗಳೊಡನೆ ಜಗಳವಾಡುವ ಮಾತು, ತಾನು ಕಾಲೇಜಿನಲ್ಲಿ ಆಡಲು ನಾಚುವ ಮಾತು, ಇಷ್ಟು ಚೆಂದವೆಂದು ಅವಳಿಗೆ ಗೊತ್ತಾದದ್ದು ಅಲ್ಲಿ.

ಅಭಿಮಾನಿಗಳಿಗಾಗಿ ಅವಳು ಅಂತರ್ಜಾಲದಲ್ಲಿ ಒಂದು ಪುಟ ನಡೆಸುತ್ತಿದ್ದಳು. ಅವಳು ಚೆನ್ನಾಗಿದೆ ಎಂದರೆ ನೂರಾರು ಜನ ಹೂಂಗುಟ್ಟುತ್ತಿದ್ದರು.

ತಂಡದ ಮೂರನೆಯ ಆಲ್ಬಮ್ಮನ್ನು ತೈಪೆಯ ಕಂಪನಿಯೊಂದು ತಂದಿತು. ಹನ್ನೊಂದು ಹಾಡು. ಮೊದಲ ಮೂರೂ ಶಾಲೆ-ಕಚೇರಿಗಳ ಮ್ಯಾಂಡರಿನ್‌ನಲ್ಲಿ, ಜಾಹೀರಾತಿನ ಹಾಗೆ ನಯವಾಗಿ. ಮೂರನೆಯದು ಮುಗಿಯುತ್ತಲೇ ಪೇಯ್‌ಚೆನ್ ಹೆಡ್‌ಫೋನ್ ಕಿತ್ತಿಟ್ಟು ತನ್ನ ಪುಟದಲ್ಲಿ ಒಂದೇ ಉಸಿರಿಗೆ ಬರೆದಳು: ಉಪ್ಪು ಕರಗಿತು, ಉಳಿದದ್ದು ಬರೀ ಗಾಳಿ. ಆ ಸಾಲು ಎಲ್ಲರ ಬಾಯಿಗೂ ಬಂತು. ಗೋದಾಮಿಗೆ ಬರುವ ಜನ ಕಡಿಮೆಯಾದರು. ನಾಲ್ಕು ತಿಂಗಳಿಗೆ ತಂಡ ಒಡೆಯಿತು. ಕೊನೆಯ ಕಾರ್ಯಕ್ರಮಕ್ಕೆ ಅವಳನ್ನೂ ಕರೆದಿದ್ದರು. ಯಾವ ಮುಖ ಹೊತ್ತು ಹೋಗುವುದು? ಹೋಗಲಿಲ್ಲ. ಪುಟವನ್ನೂ ಮುಚ್ಚಿಬಿಟ್ಟಳು.

ಹದಿನೇಳು ವರ್ಷದ ಮೇಲೆ, ಒಂದು ಮಧ್ಯಾಹ್ನ, ಬೋಳುತಲೆಯ ಗಿರಾಕಿಯೊಬ್ಬ ಅವಳೆದುರಿನ ಕುರ್ಚಿಯಲ್ಲಿ ಕೂತ. ಹೆಸರು ಕೇಳುವ ಮೊದಲೇ ಗುರುತು ಸಿಕ್ಕಿತು: ಉಪ್ಪುಗಾಳಿಯ ಡ್ರಮ್ಮಿನ ಚುವಾಂಗ್.

"ಮೊದಲನೇ ಸಾಲಿನ ಪೇಯ್‌ಚೆನ್ ಅಲ್ವೇನೇ ನೀನು?" ಎಂದ ಅವನು. "ಆಗ ಡ್ರಮ್ ಬಡೀತಿದ್ದೆ, ಈಗ ತಿಂಡಿ ಅಂಗಡೀಲಿ ಮೊಟ್ಟೆ ಒಡೀತೀನಿ. ಮೊಟ್ಟೆ ಯಾವತ್ತೂ ವಿಮರ್ಶೆ ಬರೆಯಲ್ಲ."

ಅವಳು ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟಳು. "ಚುವಾಂಗಣ್ಣ, ತಂಡ ಒಡೆದಿದ್ದು ನನ್ನಿಂದಾನಾ?"

"ಅಬ್ಬಾ, ಎಷ್ಟು ದೊಡ್ಡಸ್ತಿಕೆ ನಿಂಗೆ. ಗಿಟಾರಿನವನು ಮದುವೆಯಾಗಿ ಊರು ಬಿಟ್ಟ, ನಮ್ಮಪ್ಪನಿಗೆ ಸೊಂಟ ಹೋಗಿ ಅಂಗಡಿ ನನ್ನ ತಲೆಗೆ ಬಂತು. ನೀನು ಬರೀದಿದ್ರೂ ಒಡೀತಿತ್ತು."

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಯಾರಿಗೂ ಹೇಳದ್ದು ಬಾಯಿಗೆ ಬಂದಿತ್ತು. "ನಾನು ಮೂರೇ ಹಾಡು ಕೇಳಿ ಬರೆದಿದ್ದು. ಉಳಿದ ಎಂಟು ಇವತ್ತಿಗೂ ಕೇಳಿಲ್ಲ."

ಚುವಾಂಗನ ನಗು ಇಳಿಯಿತು. "ಮೂರೇನಾ?" ಎಂದ. "ನಾವೆಲ್ಲ ನಿನ್ನನ್ನ ಬೈದ್ವಿ. ಚಿಂಗ್‌ಹಾನ್ ಬೈಲಿಲ್ಲ. ‘ಆ ಹುಡುಗಿ ಎಲ್ಲಾ ಹತ್ತು ಸಲ ಕೇಳಿರ್ತಾಳೆ, ಅವಳಿಗೇ ಹಿಡಿಸ್ಲಿಲ್ಲ ಅಂದ್ರೆ ಹಾಡು ಕಟ್ಟೋ ನನ್ನ ಕೈ ಬಿದ್ದುಹೋಯ್ತು’ ಅಂದ. ಆಮೇಲೆ ಒಂದು ಹಾಡೂ ಬರೀಲಿಲ್ಲ ಕಣೆ. ಈಗ ಪಕ್ಕದ ಪಿಂಗ್‌ತುಂಗಲ್ಲಿ ಶಾಲೆ ಬಸ್ ಓಡಿಸ್ತಾನೆ."

ಆ ಭಾನುವಾರ ಪೇಯ್‌ಚೆನ್ ಅಡುಗೆಮನೆಯ ನೆಲದ ಮೇಲೆ ಕೂತು ಎಂಟನ್ನೂ ಕೇಳಿದಳು. ಎಂಟೂ ಮನೆಮಾತಿನ ಹಾಡುಗಳು. ಆಲ್ಬಮ್ಮಿನ ಒಂಬತ್ತನೆಯದು ಚಿಂಗ್‌ಹಾನ್ ಅಷ್ಟೂ ವರ್ಷ ಬರೆದ ಯಾವುದಕ್ಕಿಂತಲೂ ಮೇಲಿತ್ತು. ಒಲೆಯ ಮೇಲಿನ ಅನ್ನ ಸೀದದ್ದು ಗಂಡ ಬಂದು ಹೇಳಿದ ಮೇಲೆ ಗೊತ್ತಾಯಿತು.

ಮರುದಿನ ರಜೆ ಹಾಕಿ ಪಿಂಗ್‌ತುಂಗ್‌ಗೆ ಹೋದಳು. ಶಾಲೆಯ ಗೇಟಿನ ಬಳಿ, ಬಸ್ಸಿನ ನೆರಳಿನಲ್ಲಿ, ನರೆಗೂದಲಿನ ಚಿಂಗ್‌ಹಾನ್ ಅವಳ ತಪ್ಪೊಪ್ಪಿಗೆಯನ್ನು ಕೊನೆಯವರೆಗೂ ತಡೆಯದೆ ಕೇಳಿಸಿಕೊಂಡ.

"ಒಂಬತ್ತನೇದು ಇಷ್ಟ ಆಯ್ತಾ?" ಎಂದಷ್ಟೇ ಕೇಳಿದ.

"ತುಂಬಾ ಚೆನ್ನಾಗಿದೆ, ಅಣ್ಣ."

"ನಂಗೂ ಹಾಗೇ ಅನ್ನಿಸಿತ್ತು," ಎಂದ ಅವನು, ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ನನ್ನನ್ನ ನಾನೇ ನಂಬಲಿಲ್ಲ ನೋಡು."

ಮತ್ತೆ ಬರೆಯಿರಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಮಕ್ಕಳು ಗದ್ದಲ ಮಾಡುತ್ತ ಬಸ್ಸು ಹತ್ತಿದರು. ಬಿಸಿಲಲ್ಲಿ ನಿಲ್ಲಬೇಡ ಎಂದು ಹೇಳಿ ಅವನು ಬಾಗಿಲು ಎಳೆದುಕೊಂಡ.