ಮಗಳ ಜೊತೆ ಕೋಣೆಯೊಳಗೆ ಇದ್ದವನು

ಸತ್ತವರು ಬಂದರು, ಮಾತಾಡಿದರು ಎನ್ನುವವರನ್ನು ಕಂಡರೆ ನಾನು ನಗುತ್ತಿದ್ದವನು. ನಮ್ಮ ಹೋಟೆಲಿನ ಅಡಿಗೆಯವರು ಅಂಥ ಕಥೆ ತೆಗೆದರೆ, ಹಗ್ಗ ಕಂಡು ಹಾವೆಂದು ಓಡುವವರು ನೀವು ಎಂದು ಮುಖಕ್ಕೇ ಹೇಳುತ್ತಿದ್ದೆ. ಇದನ್ನು ಓದಿ ನೀವು ನನ್ನನ್ನೂ ಅದೇ ಸಾಲಿಗೆ ಸೇರಿಸಿದರೆ ಬೇಸರವಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನಾವು ಕುಂದಾಪುರದ ಕಡೆಯವರು. ಮದರಾಸಿನ ವೆಸ್ಟ್ ಮಾಂಬಲಂನಲ್ಲಿ ಸೋದರಮಾವನ ಹೋಟೆಲಿನ ಉಸ್ತುವಾರಿ ನನ್ನದಾಗಿತ್ತು. ಐವತ್ತರ ದಶಕದ ಕೊನೆಯಲ್ಲಿ, ಐದು ವರ್ಷದ ನನ್ನ ಮಗನಿಗೆ ಮಿದುಳು ಜ್ವರ ಬಂತು. ಅಂದು ನನ್ನ ಹೆಂಡತಿ ಮುಟ್ಟಾಗಿ ಹೊರಗೆ ಕೂತಿದ್ದಳು. ಹುಡುಗ ಅವಳತ್ತ ಕೈ ಚಾಚಿದರೂ ನನ್ನ ತಾಯಿ ಮುಟ್ಟಲು ಬಿಡಲಿಲ್ಲ. "ನಾಕನೇ ದಿನ ಮಿಂದ್ಕಂಡ್ ಹೋಯ್ಲಿ, ಆಸ್ಪತ್ರೆ ಎಲ್ಲಿಗೂ ಓಡಿ ಹೋತಿಲ್ಲೆ" ಎಂದರು. ನಾನೂ ಬಾಯಿ ತೆರೆಯಲಿಲ್ಲ. ಮಗುವನ್ನು ಎತ್ತಿಕೊಂಡು ಒಬ್ಬನೇ ಹೋದೆ.

ಬೆನ್ನುಮೂಳೆಯ ಸಂದಿಗೆ ಸೂಜಿ ಹಾಕಿ ನೀರು ತೆಗೆದು ನೋಡಬೇಕು, ಮಗು ಅಲುಗಾಡಬಾರದು, ಅಪ್ಪ ಹತ್ತಿರವಿದ್ದು ಸಮಾಧಾನ ಮಾಡಲಿ ಎಂದರು ಡಾಕ್ಟರು. ಹುಡುಗ ನನ್ನ ಅಂಗಿ ಹಿಡಿದುಕೊಂಡಿದ್ದ. "ಒಂದ್ ಗಳಿಗೆ, ಬಿಸ್ಕತ್ ತಕಂಡ್ ಬತ್ತೆ" ಎಂದು ಅವನ ಬೆರಳು ಬಿಡಿಸಿ ಹೊರಗೆ ಬಂದೆ. ಕೂಗು ಕೇಳಿಸದಷ್ಟು ದೂರ, ರಸ್ತೆಯ ಆಚೆಗೆ ಹೋಗಿ ಅರ್ಧ ಗಂಟೆ ನಿಂತೆ. ಹೇಡಿ ನಾನು, ಸುತ್ತಿ ಬಳಸಿ ಹೇಳುವುದೇನೂ ಇಲ್ಲ. ತಿರುಗಿ ಬಂದಾಗ ಅವನಿಗೆ ಎಚ್ಚರವಿರಲಿಲ್ಲ. ಮರುದಿನ ಹಾಗೆಯೇ ತೀರಿಕೊಂಡ.

ಹೆಂಡತಿ ಕೇಳಿದ್ದು ಒಂದೇ, ಸೂಜಿ ಹಾಕುವಾಗ ಅವನ ಹತ್ತಿರ ಯಾರಿದ್ದರು ಎಂದು. "ನಾನೇ. ಕೈ ಹಿಡ್ಕಂಡೇ ಇದ್ದೆ. ಅವ ಅಳ್ಲೇ ಇಲ್ಲ" ಎಂದೆ. ಆ ಮಾತನ್ನು ಹಿಡಿದುಕೊಂಡು ಅವಳು ಬದುಕಿದಳು. ವರ್ಷಕ್ಕೊಮ್ಮೆಯಾದರೂ ಅದನ್ನು ಮತ್ತೆ ಹೇಳಿಸುತ್ತಿದ್ದಳು, ನಾನೂ ಹೇಳುತ್ತಿದ್ದೆ.

ಎರಡು ವರ್ಷದ ಮೇಲೆ ಮಗಳು ಹುಟ್ಟಿದಳು. ಅಣ್ಣನೊಬ್ಬ ಇದ್ದನೆಂದು ಅವಳಿಗೆ ನಾವು ತಿಳಿಸಲೇ ಇಲ್ಲ. ಅವಳೆದುರು ಅವನ ಹೆಸರೆತ್ತುತ್ತಿರಲಿಲ್ಲ, ಅವನ ಫೋಟೋ ಟ್ರಂಕಿನ ಅಡಿಯಲ್ಲಿತ್ತು. ಬೀದಿಯ ಮಕ್ಕಳೊಡನೆ ಬೆಳೆದ ಅವಳು, ನಾವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ಅವಳಿಗೂ ಐದು ತುಂಬಿದಾಗ ಅಂಥದೇ ಜ್ವರ ಬಂತು. ಮತ್ತೆ ಅದೇ ಆಸ್ಪತ್ರೆ, ಅದೇ ಸೂಜಿ. ಈ ಸಲ ಹೆಂಡತಿ ಯಾರ ಮಾತನ್ನೂ ಕೇಳದೆ ನನ್ನ ಜೊತೆ ಹೊರಟಳು.

ಆದರೆ ಅಲ್ಲಿ ನಿಯಮ ಬದಲಾಗಿತ್ತು. ಹೆತ್ತವರು ಒಳಗೆ ಬರುವಂತಿರಲಿಲ್ಲ. "ಒಳಗೆ ಫೋಟೋ ತೆಗಿತ್ರ್, ಅಷ್ಟೇ" ಎಂದು ಮಗಳಿಗೆ ಹೇಳಿ ಕಳಿಸಿದೆ. ಮಕ್ಕಳಿಗೆ ಹೀಗೆ ಒಂದು ಸುಳ್ಳು ಕಟ್ಟಿ ಒಳಗೆ ದಾಟಿಸುವುದು ನಮ್ಮಲ್ಲಿ ರೂಢಿ. ಮಟಮಟ ಮಧ್ಯಾಹ್ನ. ಬಾಗಿಲು ಹಾಕಿದ ಕೂಡಲೆ ಕಿವಿ ಮುಚ್ಚಿಕೊಳ್ಳಲು ಕೈಯೆತ್ತಿದೆ, ಹೆಂಡತಿ ನೋಡುತ್ತಿದ್ದುದರಿಂದ ಇಳಿಸಿದೆ. ಒಳಗಿನಿಂದ ಒಂದು ಸದ್ದೂ ಬರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನರ್ಸ್ ಬಂದು, "ಕೊಳಂದೆ ಅಳವೇ ಇಲ್ಲೆ. ಯಾರು ಸೊಲ್ಲಿ ಕುಡುತ್ತಾಂಗ?" ಎಂದಳು. ಅಳದೆ ಇರಲು ಯಾರು ಹೇಳಿಕೊಟ್ಟರೋ ನನಗೇನು ಗೊತ್ತು? ಸೂಜಿ ಕಣ್ಣಿಗೆ ಬೀಳುವ ಮೊದಲೇ ಮಗು ತಾನಾಗಿ ಮಗ್ಗುಲಾಗಿ, ಮೊಣಕಾಲನ್ನು ಹೊಟ್ಟೆಗೆ ತಂದುಕೊಂಡು ಮಲಗಿತಂತೆ.

ವಾರ್ಡಿನಲ್ಲಿ ಅಂಗಾತ ಮಲಗಿಸಿದ್ದರು. ಹೆಂಡತಿ ತಲೆ ಸವರುತ್ತಿದ್ದಳು. ಮಗಳು ತಾನೇ ಮಾತು ತೆಗೆದಳು, ಅದೂ ಕನ್ನಡದಲ್ಲಿ, ನಮ್ಮ ಊರ ಕನ್ನಡದಲ್ಲಿ. "ಒಳಗೆ ಒಬ್ಬ ಅಣ್ಣ ಇದ್ದ. ಫೋಟೋ ಅಲ್ಲ, ಸೂಜಿ ಅಂದ. ಮೊದ್ಲ್ ತಂಪಾತ್ತ್, ಮತ್ತೆ ನೋವಾತ್ತ್, ಹತ್ತ್ ಎಣ್ಸುವಷ್ಟ್ರಲ್ಲಿ ಮುಗಿತ್ತ್ ಅಂದ. ನನ್ ಕೈ ಹಿಡ್ಕಂಡಿದ್ದ." ಮತ್ತೆ ಹೇಳಿದಳು. "ಅವ್ನ್ ಕೈ ಯಾರೂ ಹಿಡ್ಕಣ್ಲಿಲ್ಲ ಅಂಬ್ರ್. ಅಪ್ಪಯ್ಯ ಬಿಸ್ಕತ್ ತತ್ತೆ ಅಂದ್ಕಂಡ್ ಹೋದವ್ರ್ ಬರ್ಲೇ ಇಲ್ಲ ಅಂಬ್ರ್."

ನನ್ನನ್ನು ಅಪ್ಪಯ್ಯ ಎಂದು ಕರೆಯುತ್ತಿದ್ದವನು ಮಗ. ಇವಳಿಗೆ ನಾನು ಅಪ್ಪಾ.

"ಇದನ್ನ ನಿಂಗ್ ಯಾರ್ ಹೇಳಿದ್ರ್?" ಎಂದುಬಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯಾಯಿತು ನನ್ನದು. ಕನಸು ಕಂಡಿದ್ದೀಯ ಎಂದು ಗದರಿದ್ದರೆ ಮುಗಿಯುತ್ತಿತ್ತು. ಹೆಂಡತಿಯ ಕೈ ಮಗಳ ತಲೆಯ ಮೇಲೆ ಹಾಗೇ ನಿಂತಿತು. ನನ್ನ ಮುಖ ನೋಡಿದಳು.

ನಾನು ಹೋಗಿ ಆ ಕೋಣೆಯನ್ನು ನೋಡಿದೆ. ಒಂದೇ ಮೇಜು, ಒಂದೇ ಬಾಗಿಲು. ಒಳಗಿದ್ದವರು ಡಾಕ್ಟರು, ನರ್ಸ್, ಒಬ್ಬ ಆಯಾ. ಮೂವರಿಗೂ ಕನ್ನಡ ಬಾರದು. ಬೇರೆ ಮಗು ಅಲ್ಲಿಗೆ ಬಂದಿರಲಿಲ್ಲ. ಬಿಸ್ಕತ್ತಿನ ಮಾತನ್ನಂತೂ ನಾನು ಒಂದು ನರಪಿಳ್ಳೆಗೂ ಹೇಳಿದವನಲ್ಲ. ಮಗಳು ಗುಣವಾದಳು. ಈಗ ಮಕ್ಕಳೊಂದಿಗಳು, ಕೇಳಿದರೆ ಅದೊಂದೂ ನೆನಪಿಲ್ಲ ಎನ್ನುತ್ತಾಳೆ. ನಿಮಗೆ ಏನಾದರೂ ಹೊಳೆದರೆ ಹೇಳಿ, ನನಗೆ ಈವರೆಗೆ ಹೊಳೆದಿಲ್ಲ.

ಆಸ್ಪತ್ರೆಯಿಂದ ಬಂದು ತಿಂಗಳು ಕಳೆದಿರಬೇಕು. ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದಳು. ಮೌನ ತಡೆಯಲಾರದೆ ನಾನೇ ಬಾಯಿಬಿಟ್ಟೆ. "ಮಗಿಗೆ ಅದೆಲ್ಲ ಹ್ಯಾಂಗ್ ಗೊತ್ತಾಯ್ತ್, ವಿಚಿತ್ರ ಅಲ್ದಾ?"

ಅವಳು ಮೊರ ಕೆಳಗಿಟ್ಟಳು. "ಅವ ತಂಗಿ ಹತ್ರ ಬಂದದ್ದ್ ನಂಗೆ ವಿಚಿತ್ರ ಅಲ್ಲ. ಅಷ್ಟ್ ವರ್ಷ ನನ್ ಮುಖ ಕಂಡ್ಕಂಡೇ ಕೈ ಹಿಡ್ಕಂಡಿದ್ದೆ ಅಂದ್ರಿ ಅಲ್ದಾ? ಅದ್ ಹ್ಯಾಂಗ್ ಆಯ್ತ್ ನಿಮ್ಗೆ? ಅದ್ನ್ ಹೇಳಿ, ಸಾಕ್."

ಹೋಟೆಲಿಗೆ ಹೊತ್ತಾಯಿತು ಎಂದು ನಾನು ಎದ್ದು ಹೊರಟೆ. ಅವಳು ಮತ್ತೆಂದೂ ಕೇಳಲಿಲ್ಲ.