ಕೂಲರಿನ ತಂಪು ಕಟ್ಟಿ ಪಾಲು

ನೀವು ನಂಬಂಗಿಲ್ಲ, ಗೊತ್ತೈತಿ ನನಗ. ಆದ್ರೂ ಹೇಳ್ತೀನಿ, ಯಾಕಂದ್ರ ಹೊಟ್ಟ್ಯಾಗಿನ ಸಿಟ್ಟು ಹೊರಗ ಹಾಕಲಿಲ್ಲಂದ್ರ ಅದೂ ಈ ಸೆಕಿಗೆ ಉಕ್ಕಿ ಬೀಳತೈತಿ. ಯಲಬುರ್ಗಾದಾಗ ಒಬ್ಬ ಮನಷ್ಯಾ ಒಂದು ರೂಪಾಯಿ ಕರೆಂಟ್ ಬಿಲ್ಲು ಕಟ್ಟದ, ನಮ್ಮ ಹೊಸ್ತಲಾ ಸೈತ ದಾಟದ, ಇಡೀ ಬ್ಯಾಸಗಿ ನಮ್ಮ ಕೂಲರಿನ ತಂಪಿನ್ಯಾಗ ಕಳದಾನ!

ಹೆಂಗಂತೀರೇನು? ನಮ್ಮ ಮನಿ ಪುಣ್ಯದಿಂದ. ಮುತ್ತಜ್ಜ ಕಟ್ಟಿಸಿದ ಮಣ್ಣಿನ ಮಾಳಗಿ ಮನಿ ನಮ್ಮದು. ತೇಗದ ಬಾಗಲಾ ನೂರು ಬ್ಯಾಸಗಿ ಒಣಗಿ ಒಣಗಿ ಎಷ್ಟು ಕುಗ್ಗೈತಿ ಅಂದ್ರ, ಅದರ ಕೆಳಗ ಬೆಕ್ಕು ತಲಿ ಬಗ್ಗಸದ ಅಡ್ಡಾಡತೈತಿ, ಹಿಂದ ಮೂರು ಮರಿ ಸಾಲು ಹಿಡಕೊಂಡು. ಕಿಡಕಿ ಕದಾ ಹಾಕಿದ್ರೂ ತಗದಂಗ. ತೊಲಿಗೂ ಗ್ವಾಡಿಗೂ ನಡುವ ಗುಬ್ಬಿ ಸಂಸಾರ ಹೂಡ್ಯಾವ. ಮಾಳಗಿ ಬೆಳಕಿಂಡಿಯಿಂದ ಬಿಸಲು ಬರತೈತಿ, ಧೂಳ ಬರತೈತಿ, ಒಮ್ಮೆ ಬಾಜೂ ಮನಿಯವರು ಒಣಾ ಹಾಕಿದ ಹಪ್ಪಳ ಹಾರಿ ಬಂದು ಬಿತ್ತು. ಅದನ್ನೇನ್ ಮಾಡಿದ್ರಿ ಅಂತ ಕೇಳಬ್ಯಾಡ್ರಿ, ಛಲೋ ಇತ್ತು.

ಇಂಥಾ ಮನಿಗಿ ಅಪ್ಪ ಕೂಲರ್ ತಂದದ್ದು ಅಮ್ಮನ ಸಲುವಾಗಿ. ಅಮ್ಮ ಅಂದ್ರ ಅಪ್ಪನ ಅವ್ವ. ಹೋದ ಬ್ಯಾಸಿಗ್ಯಾಗ ಮಧ್ಯಾಹ್ನದ ಝಳಕ್ಕ ಕಣ್ಣಿಗೆ ಕತ್ತಲಿ ಬಂದು ಅಡಗಿ ಮನ್ಯಾಗ ಬಿದ್ದಿದ್ಲು. ಮನ್ಯಾಗ ನಾ ಒಬ್ಬಾಕೀನ ಇದ್ದೆ. ಅದನ್ನ ನೆನಸಿದ್ರ ನನಗ ಚಾಷ್ಟಿ ಮಾಡಾಕ ಬರಂಗಿಲ್ಲ, ಮುಂದಕ್ಕ ಹೋಗೂಣು.

ಕೂಲರ್ ಬಂತು, ಅಮ್ಮಗ ನಿದ್ದಿ ಬಂತು, ಅದರ ಬೆನ್ನ ಹಿಂದನ ಬಿಲ್ಲೂ ಬಂತು. ಫ್ರೀ ಕರೆಂಟಿಗೆ ಸರ್ಕಾರ ಒಂದು ಗೆರಿ ಹಾಕೈತಲ್ರಿ, ಅದನ್ನ ನಾವು ದಾಟಿದ್ವಿ. ಅಪ್ಪ ಬಿಲ್ಲು ಝಾಡಿಸಿ, "ಇನ್ನೊಂದು ತಿಂಗಳು ಹಿಂಗ ಆತಂದ್ರ ಕೂಲರ್ ಸೀದಾ ತಳಕಲ್ಲಿಗೆ, ನಿಮ್ಮತ್ತಿ ಮನಿಗಿ" ಅಂದ.

ಕೂಲರಿಂದೇನ್ ತಪ್ಪೈತ್ರಿ? ಅದು ಪಾಪ ಗುರುಗುಟ್ಟಕೋಂತ ತಂಪು ಮಾಡತಿತ್ತು, ಮನಿ ಅದನ್ನ ಹೊರಗಿನವರಿಗೆ ದಾನ ಮಾಡತಿತ್ತು. ಹೊರಗ ಕಟ್ಟಿ ಮ್ಯಾಲ, ಬಾಗಲ ಸಂದಿಗೆ ಸರಿಯಾಗಿ ಬೆನ್ನು ಕೊಟ್ಟು, ಎದರಗಡಿ ಮನಿ ಶರಣಪ್ಪ ಕಾಕಾ! ಪೇಪರು, ಎಲಿ-ಅಡಿಕಿ ಸಂಚಿ, ಕಡೀಕ ತಲಿದಿಂಬು ಸೈತ ತಂದಾನ.

"ನಿಮ್ಮ ಕಟ್ಟಿ ಭಾಳ ತಂಪವಾ, ಹಳೇ ಕಲ್ಲಿನ ಗುಣ" ಅಂತಾನ.

ಕಲ್ಲಿನ ಗುಣ ಅಂತ! ಬಿಲ್ಲು ಕಟ್ಟೋದು ನಮ್ಮಪ್ಪ, ಹೊಗಳಿಸಿಕೊಳ್ಳೋದು ಕಲ್ಲು.

ನಾ ಪಿಯುಸಿ ಸೈನ್ಸ್ ತಗೊಂಡಾಕಿ, ಸುಮ್ಮನಿರ್ತೀನೇನು? ಅಪ್ಪನ ಕಿರಾಣಿ ಅಂಗಡಿಗೆ ಗಂಗಾವತಿಯಿಂದ ಅಕ್ಕಿ ಬರೋ ಚೀಲ ಹರದು ಕಿಡಕಿಗೆಲ್ಲಾ ಮೊಳಿ ಹೊಡದೆ. ಬಾಗಲ ಸಂದಿಗೆ ಹಳೇ ಕೌದಿ ತುರುಕಿದೆ. ಗ್ವಾಡಿ ಬಿರುಕಿಗೆ ಸಗಣಿ-ಕೆಮ್ಮಣ್ಣು ಕಲಸಿ ಮೆತ್ತಿದೆ, ಮರಿ ಹಾರಿಹೋದ ಗುಬ್ಬಿ ಗೂಡಿನ ಸಂದಿ ಸೈತ ಬಿಡಲಿಲ್ಲ. ಬೆಳಕಿಂಡಿ ಮ್ಯಾಲ ಹಿಟ್ಟು ನಾದೋ ಪರಾತ ಬೋರಲು ಹಾಕಿ ಕಲ್ಲು ಹೇರಿದೆ. ಇರವಿ ಒಳಗ ಬರಬೇಕಂದ್ರ ನನ್ನ ಪರವಾನಗಿ ಬೇಕು, ಹಂಗ ಮಾಡಿದೆ. ಬ್ಯಾಸಗಿ ಮುಗಿಯೋತನಕ ಅಪ್ಪ ಉಂಡು ಮಲಗೋದು ಅಂಗಡ್ಯಾಗನ, ಅದಕ್ಕ ಇದ್ಯಾವುದೂ ಅವನ ಕಣ್ಣಿಗೆ ಬೀಳಲಿಲ್ಲ. ತಂಪು ಇನ್ನ ಎಲ್ಲಿಗೆ ಹೋಗತೈತಿ ನೋಡೂಣು ಅಂದೆ.

ತಂಪು ಎಲ್ಲಿಗೂ ಹೋಗಲಿಲ್ಲರಿ, ಬರೋದನ್ನ ಬಿಟ್ಟಬಿಡ್ತು. ಎರಡನೇ ದಿನಕ್ಕ ಡಬ್ಬ್ಯಾಗಿನ ಉಪ್ಪು ನೀರಾತು, ನನ್ನ ಕೆಮಿಸ್ಟ್ರಿ ಪುಸ್ತಕ ದ್ವಾಸಿ ಮಗಚಿದಂಗ ಮಡಚಿಕೊಂತು. ನಾ ಸೋಲ್ತೀನೇನು? ಕೂಲರಿನ ಸ್ಪೀಡು ಜಾಸ್ತಿ ಮಾಡಿ ಮುಂಜಾನಿಂದ ಸಂಜೀತನಕ ಬಿಟ್ಟೆ. ಅಮ್ಮ ಸೆರಗಿಲೆ ಕುತ್ತಿಗಿ ಒರಸಕೋಂತ, "ಏ ಹುಡಗಿ, ನನ್ನ ಕಡಬು ಮಾಡಿ ಕುದಸಾಕತ್ತೀ ಏನ?" ಅಂತಂದು ಎದ್ದು ಹೊರಗ ಕಟ್ಟಿಗೆ ಹೋದ್ಲು. ಅಲ್ಲಿ ಶರಣಪ್ಪ ಕಾಕಾ ಮಾರಿ ಸಣ್ಣದು ಮಾಡಿಕೊಂಡು, ಬಾಗಲದಾಗ ನಿಂತ ನನಗ, "ಕೂಲರ್ ಕೆಟ್ಟತೇನವಾ? ಲಗೂನ ರಿಪೇರಿ ಮಾಡಸ್ರಿ, ಮುದುಕಿ ಅದಾಳ ಮನ್ಯಾಗ" ಅಂದ. ಎಷ್ಟ್ ಕಾಳಜಿ ನೋಡ್ರಿ!

ಬಿಲ್ಲು ಇವತ್ತ ಬಂತು. ಗೆರಿ ಎಲ್ಲೈತಿ ಅಂತ ತಿರುಗಿ ನೋಡಿದ್ರೂ ಕಾಣದಷ್ಟು ದೂರ ಬಂದೀವಿ. ಅಮ್ಮ ತಲಿ ಮ್ಯಾಲ ಹಸಿ ಅರಬಿ ಹಾಕ್ಕೊಂಡು ಉರಿಬಿಸಿಲಿನ್ಯಾಗ ಕಟ್ಟಿ ಮ್ಯಾಲ ಕುಂತಿದ್ಲು. ನಾ ಬಿಲ್ಲು ಪುಸ್ತಕದಾಗ ಮುಚ್ಚಿಡಬೇಕು ಅನ್ನೋದ್ರಾಗ ಅಪ್ಪ ಬಂದ.

ಬಿಲ್ಲು ಇಸಗೊಂಡು ನೋಡಿದ. ಸೀದಾ ಹೋಗಿ ಕೂಲರಿನ ಪಿನ್ನು ಕಿತ್ತ.

ಹೊಸ್ತಲದಾಗ ಬಂದು ನಿಂತ ಅಮ್ಮ, "ತಳಕಲ್ಲಿಗೆ ಒಯ್ತಿದ್ರ ನನ್ನೂ ಅದರ ಮ್ಯಾಲ ಕುಂದ್ರಿಸಿ ಒಯ್ಯೋ ತಮ್ಮಾ" ಅಂದ್ಲು.

ಅಪ್ಪ ಒಳಗ ಬಂದು ಎರಡು ನಿಮಿಷ ಆಗಿಲ್ಲ, ಅಂಗಿ ಬೆನ್ನಿಗೆ ಅಂಟಿತ್ತು. ಕಿಡಕಿ ನೋಡಿದ, ಮ್ಯಾಲ ಬೆಳಕಿಂಡಿ ನೋಡಿದ.

"ಇದೆಲ್ಲಾ ಯಾರ ಮಾಡಿದ್ದು?"

"ನಾನ. ತಂಪು ಹೊರಗ ಹೋಗಬಾರದಂತ."

"ಮತ್ತ ಗಾಳಿ ಒಳಗ ಎಲ್ಲಿಂದ ಬರಬೇಕು?"

ಹೊರಗಿನ ಒಣಾ ಗಾಳಿ ಒಳಗ ಬಂದ್ರನ ಕೂಲರ್ ತಂಪು ಮಾಡತೈತಿ ಅನ್ನೋದು ನನ್ನ ಸೈನ್ಸಿಗೆ ಹೊಳೀಲಿಲ್ಲ. ಓದು ಬರಹ ಬರದ ಮುತ್ತಜ್ಜಗ ಗೊತ್ತಿತ್ತು ಅಂತ ಕಾಣತೈತಿ.

ಅಪ್ಪ ಚೀಲದ ತುದಿ ಹಿಡದು ಜಗ್ಗಿದ. ಮೊಳಿ ಹಾರಿದ್ವು. ಗಾಳಿ ಒಳಗ ನುಗ್ಗಿ ಮನಿ ತುಂಬ ಅಡ್ಡಾಡಿತು. ಕೂಲರನ್ನ ಕಿಡಕಿ ಹತ್ರ ಸರಿಸಿ ಪಿನ್ನು ತಿರುಗಿ ಚುಚ್ಚಿದ. ಅಮ್ಮ ಮೆಲ್ಲಕ ಒಳಗ ಬಂದು ಅದರ ಮುಂದ ಕುಂತು ಕಣ್ಣು ಮುಚ್ಚಿದ್ಲು.

"ಕೂಲರ್ ಇಲ್ಲೇ ಇರಲಿ. ಮಧ್ಯಾಹ್ನ ಎರಡು ತಾಸು, ಅದೂ ಅಮ್ಮಗ ಅಷ್ಟ," ಅಂದ ಅಪ್ಪ, ನನ್ನ ಕೈಯಾಗ ಮಣ್ಣು ಕೆರಿಯೋ ಕುರಪಿ ಕೊಟ್ಟು. "ಎಷ್ಟ್ ಕಿಂಡಿ ಮುಚ್ಚೀಯೋ, ಸಂಜಿ ಆಗೋದ್ರಾಗ ಅಷ್ಟೂ ತಗಿ."