ಎದುರುಮನಿ ಟೇಬಲ್ಲು

ಸುಳ್ಳ ಯಾಕ ಹೇಳಲಿ, ಎದುರುಮನಿ ಟೇಬಲ್ ಕಂಡ್ರ ನನಗ ಹೊಟ್ಟಿ ಉರೀತಿತ್ತು. ಬಂಗಾರ ಅಲ್ಲ, ಸೀರಿ ಅಲ್ಲ, ಕಾರ್ ಅಲ್ಲ, ಒಂದು ಟೇಬಲ್. ಈ ಗಲ್ಫ್ ದೇಶಕ್ಕ ಬಂದು ದಾರ್ಸೈಟಿನಾಗ ನಾವಿರೋ ಬಿಲ್ಡಿಂಗಿನಾಗ ನಮ್ಮ ಬಾಗಲಕ್ಕ ಎದುರುಬದುರು ಬಾಗಲ ಅವರದು. ಉಡುಪಿ ಕಡೆಯವರು, ಮನ್ಯಾಗ ತುಳು ಮಾತಾಡ್ತಾರ, ನನ್ನ ಕೂಡ ಪುಸ್ತಕದಾಗಿನಂಥಾ ಕನ್ನಡ. ಆಕಿ ಮನ್ಯಾಗ ಕೂತು ಒಂದು ಟ್ರಾವೆಲ್ ಆಫೀಸಿನ ಟಿಕೇಟ್ ಕೆಲಸ ಮಾಡ್ತಾಳ. ನಾನು ಮನ್ಯಾಗ ಕೂತು ಬೌಷರಿನ ಒಂದು ಆಫೀಸಿಗೆ ವಿಮಾ ಕ್ಲೇಮಿನ ಕಾಗದ ನೋಡ್ತೀನಿ. ಆಕಿಗೂ ಎರಡು ಸ್ಕ್ರೀನು, ನನಗೂ ಎರಡು. ಆಕಿಗೂ ಪ್ರಿಂಟರ್, ನನಗೂ ಪ್ರಿಂಟರ್. ಆದ್ರ ಆಕಿ ಟೇಬಲ್ ಮ್ಯಾಲೆ ಒಂದು ವೈರ್ ಕಾಣೂದಿಲ್ಲ. ಕೆಳಗ ಸುದ್ಧಾ ಕಾಣೂದಿಲ್ಲ. ಕರೆಂಟ್ ಇಲ್ದನ ನಡೀತಾವೇನೋ ಅನಸಬೇಕು.

ದೂರದ ಬೆಟ್ಟ ನುಣ್ಣಗ ಅಂತ ನಮ್ಮನಿಯವರು ಸಮಾಧಾನ ಹೇಳಿದ್ರು. ದೂರ ಎಲ್ಲದರೀ? ನಮ್ಮ ಬಾಗಲದಿಂದ ಅವರ ಬಾಗಲಕ್ಕ ಹೋಗ್ಲಿಕ್ಕೆ ಚಪ್ಪಲಿ ಸುದ್ಧಾ ಬೇಕಾಗೂದಿಲ್ಲ.

ನನ್ನ ಟೇಬಲ್ ಮಲಗೂ ಖೋಲ್ಯಾಗ, ಕಿಡಕಿ ಪಕ್ಕ. ಬ್ಯಾಸಗ್ಯಾಗ ಅವ್ವ ಶಾವಿಗಿ ಕೋಲಿಗೆ ಹಾಕಿ ಒಣಗಸ್ತಿದ್ಲು ನೋಡ್ರಿ, ಹಂಗ ಅದರ ಹಿಂದ ವೈರು ಜೋತಾಡತಾವ. ನನ್ನ ತಪ್ಪೇನದ ಇದರಾಗ? ಊರಿಗೆ ಹೋದಾಗೊಮ್ಮೆ ಸೂಟಕೇಸಿನಾಗ ತಂದ ಸಾಮಾನಿನ ಪಿನ್ನೆಲ್ಲಾ ದುಂಡು, ಇಲ್ಲಿಯ ಗೋಡಿಯ ತೂತೆಲ್ಲಾ ಚೌಕ. ಒಂದೊಂದಕ್ಕೂ ಒಂದೊಂದು ಅಡಾಪ್ಟರ್ ಬೇಕು. ಅಡಾಪ್ಟರಿಗೆ ಎಕ್ಸ್‌ಟೆನ್ಶನ್ ಬೋರ್ಡು, ಆ ಬೋರ್ಡಿನಾಗ ಜಾಗಾ ಸಾಲದ್ದಕ್ಕ ಮತ್ತೊಂದು ಬೋರ್ಡು. ಯಾವ ವೈರ್ ಎಲ್ಲಿಂದ ಎಲ್ಲಿಗೆ ಹೋಗೇದ ಅನ್ನೂದು ನನಗೊಬ್ಬಾಕಿಗೇ ಗೊತ್ತು, ಅದೂ ಅರ್ಧಾ.

ಹಿಂಗಾಗಿ ನಮ್ಮನ್ಯಾಗ ಒಂದು ಕಾಯ್ದೆ ಇತ್ತು. ಮಗಳು ಸಣ್ಣಾಕಿದ್ದಾಗ ಒಮ್ಮೆ ತನ್ನ ಟ್ಯಾಬ್ ಚಾರ್ಜಿಗೆ ಹಾಕ್ಲಿಕ್ಕೆ ಅಂತ ಒಂದು ಪಿನ್ ಕಿತ್ತಳು. ಅದು ಇಂಟರ್‌ನೆಟ್ಟಿನ ಡಬ್ಬೀದು. ನಾನು ಮ್ಯಾನೇಜರ್ ಮುಂದ ವಿಡಿಯೋದಾಗ ಮಾತಾಡ್ಲಿಕತ್ತಿದ್ದೆ. ಬಾಯಿ ತಕ್ಕೊಂಡಲ್ಲೇ ನಾನು ಅವರ ಸ್ಕ್ರೀನಿನಾಗ ನಿಂತುಬಿಟ್ಟೆನಂತ, ಎಲ್ಲಾರೂ ನಕ್ಕರಂತ. ಅವತ್ತು ಬೈದದ್ದು ಬೈದೆ, ಅವತ್ತಿನಿಂದ ಅಮ್ಮನ ವೈರ್ ಯಾರೂ ಮುಟ್ಟಬಾರದು ಅಂತ ಆತು.

ಈಗ ಆ ಮಗಳು ಹತ್ತನೇ ಕ್ಲಾಸು. ಈ ವರ್ಷ ಸಾಲಿ ಶುರುವಾದಾಗಿನಿಂದ ದಿನಾ ಸಂಜಿ ಬ್ಯಾಗ್ ತಗೊಂಡು ಎದುರುಮನಿಗೆ ಹೋಗಿ ಓದಲಿಕ್ಕೆ ಕೂಡತಿದ್ಲು. ಅವರ ಮಗ ಮಣಿಪಾಲದಾಗ ಕಾಲೇಜಿನಾಗ ಇದ್ದಾನ, ಗಂಡ ಬರೂದು ತಡಾ, ಆಕಿ ಒಬ್ಬಾಕೀನೇ. ತನ್ನ ಟೇಬಲ್ಲಿನ ಅರ್ಧಾ ನನ್ನ ಮಗಳಿಗೆ ಬಿಟ್ಟುಕೊಟ್ಟಾಳ. ಇಲ್ಲೇ ಯಾಕ ಓದಬಾರದು ಅಂತ ಕೇಳಿದ್ರ, ‘ಆಂಟಿ ಟೇಬಲ್ ಈಸ್ ಸೋ ಪೀಸ್‌ಫುಲ್ ಅಮ್ಮಾ’ ಅಂತಾಳ. ನನ್ನ ಟೇಬಲ್ ನೋಡಿದ್ರ ಆಕಿ ತಲಿಯೊಳಗೂ ವೈರ್ ಗಂಟ ಬೀಳತಾವಂತ. ನಾನು ಕಟ್ಟಿದ ಡಬ್ಬಿ ಸಾಲಿಂದ ಅರ್ಧಾ ವಾಪಸ್ ಬರತಿತ್ತು, ಅಲ್ಲೆ ಮಾತ್ರ ಗೋಳಿಬಜೆ ತಿಂದು ಬಟ್ಟು ನೆಕ್ಕತಾ ಬರತಿದ್ಲು. ಒಂದು ದಿನ ನಾನು ಕರದ್ರ ‘ಎಂತ ಅಮ್ಮಾ?’ ಅಂದ್ಲು. ನಮ್ಮನ್ಯಾಗ ‘ಏನು’ ಅಂತ ಒಂದು ಮಾತಿತ್ತು, ಅದು ಎಲ್ಲಿಗೆ ಹೋತು?

ಇದನ್ನೆಲ್ಲಾ ನುಂಗಿಕೊಂಡೇ ಇದ್ದೆ. ನವರಾತ್ರಿ ಬಂತು, ನುಂಗ್ಲಿಕ್ಕಾಗಲಿಲ್ಲ.

ನಮ್ಮ ಕಡೆ ಮಹಾನವಮಿಗೆ ಖಂಡೇಪೂಜಿ. ಯಾವ ಸಾಮಾನಿನಿಂದ ಹೊಟ್ಟಿ ತುಂಬತದೋ ಅದಕ್ಕ ಪೂಜಿ. ನಮ್ಮಪ್ಪ ಹೊಲಿಗಿ ಮಷೀನಿಗೆ ಮಾಡ್ತಿದ್ರು, ನಾನು ಕಂಪ್ಯೂಟರಿಗೆ ಮಾಡ್ತೀನಿ. ಮಗಳು ಒಂದನೇ ಕ್ಲಾಸಿನಿಂದ ತನ್ನ ಪುಸ್ತಕ ತಂದು ನನ್ನ ಕೀಬೋರ್ಡ್ ಪಕ್ಕ ಇಡತಿದ್ಲು. ಒಂದೇ ಆರತಿ ಇಬ್ಬರ ಸಾಮಾನಿಗೂ. ಪೂಜಿ ಆದಮ್ಯಾಲೆ ಮರುದಿನ ಬನ್ನಿ ಮುಡಿಯೋತನಕ ಪುಸ್ತಕ ಮುಟ್ಟೋಹಂಗಿಲ್ಲ, ಓದೋಹಂಗಿಲ್ಲ. ಅದಕ್ಕೇ ಆ ಹಬ್ಬ ಆಕಿಗೆ ಎಲ್ಲಾದಕ್ಕಿಂತ ಇಷ್ಟ. ಈ ಸಲ ಊಟಕ್ಕ ಕೂತಾಗ ಮಗಳು ಹೇಳಿದ್ಲು, ಆಂಟಿ ಮನ್ಯಾಗ ಶಾರದಾ ಪೂಜಿ ಅದ, ನಿನ್ನ ಬುಕ್ಸ್ ಇಲ್ಲೇ ಇಡು ಅಂದಾಳ, ಹೆಂಗೂ ಬುಕ್ಸೆಲ್ಲಾ ಅಲ್ಲೇ ಇರತಾವಲ್ಲ ಅಂತ.

ನಾನು ಮ್ಯಾಲೆ ನಕ್ಕೆ. ದೇವರು ಅಲ್ಲೂ ಅವನೇ ಇಲ್ಲೂ ಅವನೇ ಅಂದೆ. ಒಳಗ ಮಾತ್ರ, ಇಷ್ಟು ವರ್ಷ ನನ್ನ ಕೀಬೋರ್ಡ್ ಪಕ್ಕ ಕೂತ ಪುಸ್ತಕ ಈ ಸಲ ಮಂದಿ ಟೇಬಲ್ ಮ್ಯಾಲೆ ಕೂತ್ರ ನಾನು ತಾಯಿ ಅನ್ನಿಸಿಕೊಂಡು ಏನ ಮಾಡೂದದ ಅನಿಸಿತು. ಹಂಗಾರ ಟೇಬಲ್ಲೇ ಬೇಕಲ್ಲ ನಿನಗ, ಟೇಬಲ್ ತೋರಸ್ತೀನಿ ತಡಿ ಅಂತ ಮನಸಿನಾಗ ಹಲ್ಲು ಕಡದೆ.

ಮಗಳು ಸಾಲಿಗೆ ಹೋದಾಗ ರೂವಿ ಪ್ಯಾಟಿಗೆ ಹೋಗಿ ವೈರ್ ಕಟ್ಟೂ ಪ್ಲಾಸ್ಟಿಕ್ ಪಟ್ಟಿ ತಂದೆ, ಬೋರ್ಡು ಅಡಗಸೂ ಮುಚ್ಚಳದ ಬಿಳೇ ಪೆಟ್ಟಿಗಿ ತಂದೆ. ಆಫೀಸಿಗೆ ಅರ್ಧಾ ದಿನ ರಜಾ ಹಾಕಿದೆ. ಸೆರಗು ಸಿಗಿಸಿ ಟೇಬಲ್ ಕೆಳಗ ಹೊಕ್ಕೆ. ಸಿಕ್ಕ ವೈರೆಲ್ಲಾ ಕೂಡಿಸಿ ಕಟಗಿ ಹೊರಿ ಕಟ್ಟಿಧಂಗ ಬಿಗದು ಕಟ್ಟಿದೆ. ಬೋರ್ಡು, ಅಡಾಪ್ಟರು, ಚಾರ್ಜರಿನ ಗಡ್ಡಿ ಎಲ್ಲಾ ಪೆಟ್ಟಿಗ್ಯಾಗ ತುರುಕಿ ಮ್ಯಾಲೆ ಕೂತು ಮುಚ್ಚಳ ಹಾಕಿದೆ. ಪೆಟ್ಟಿಗ್ಯಾಗ ಹಿಡೀಲಾರದ್ದು ಇನ್ನೂ ಒಂದು ರಾಶಿ ಉಳೀತು. ಅದನ್ನ ಹಿಂದಕ್ಕ ದೂಡಿ, ಟೇಬಲ್ಲಿಗೆ ನೆಲದತನಕ ಬರೂವಂಥಾ ಒಂದು ಕಸೂತಿ ಬಟ್ಟಿ ಹಾಸಿಬಿಟ್ಟೆ. ಎದ್ದು ನಿಂತು ನೋಡಿದೆ. ಒಂದು ವೈರ್ ಕಾಣವಲ್ದು. ಎರಡನೇ ಸ್ಕ್ರೀನ್ ಮಾತ್ರ ಹತ್ತಲಿಲ್ಲ, ಹತ್ತದಿದ್ರ ಹೋಗ್ಲಿ ಅಂದೆ. ಪೂಜಿಗೆ ಸ್ಕ್ರೀನ್ ಯಾಕ ಹತ್ತಬೇಕು?

ಮಗಳು ಸಾಲಿಂದ ಬಂದ್ಲು. ಖೋಲಿಗೆ ಬಂದು ನೋಡಿ ‘ವಾವ್, ನೈಸ್’ ಅಂದ್ಲು. ನನ್ನ ಎದಿ ಉಬ್ಬಿತು. ಆದ್ರ ಆಕಿ ಅಷ್ಟಕ್ಕ ಬಿಡಲಿಲ್ಲ, ಬಗ್ಗಿ ಬಟ್ಟಿ ಎತ್ತಿದ್ಲು. ಪೆಟ್ಟಿಗಿ ಮ್ಯಾಲೆ ಕೈ ಇಟ್ಟು ನೋಡಿದ್ಲು. ಇದು ಬಿಸಿ ಆಗೇದ ಅಮ್ಮಾ, ಅಡಾಪ್ಟರ್ ಎಲ್ಲಾ ಒಟ್ಟಿಗೆ ಮುಚ್ಚಿ ಇಡಬಾರದು, ನಾನು ಬಿಚ್ಚಲಾ ಅಂದ್ಲು. ಬಿಸಿ ಆಗಿತ್ತೋ ಏನೋ. ನನಗಂತೂ ಅವತ್ತೆಲ್ಲಾ ಬೆವರು ಸುರಿಸಿದ್ದು ಒಂದು ಮಾತಿನಾಗ ನೆಲಕ್ಕ ಬಿದ್ಧಂಗ ಆತು.

‘ನನ್ನ ವೈರ್ ಮುಟ್ಟಬ್ಯಾಡ’ ಅಂದೆ.

ಆಕಿ ಬಟ್ಟಿ ಕೆಳಗ ಬಿಟ್ಟು ಎದ್ಲು. ಶೆಲ್ಫಿನಾಗ ಉಳದಿದ್ದ ನಾಕು ಪುಸ್ತಕಾನೂ ತಗೊಂಡು ಎದುರುಮನಿಗೆ ಹೋದ್ಲು. ಆಮ್ಯಾಲೆ ಪೆಟ್ಟಿಗಿ ಮುಟ್ಟಿ ನೋಡಿದೆ, ಖರೇನೇ ಬಿಸಿ ಇತ್ತು. ಯಾರಿಗೂ ಹೇಳದ ಮುಚ್ಚಳ ತಗದಿಟ್ಟೆ.

ಶುಕ್ರವಾರ ಮಹಾನವಮಿ. ಎಲ್ಲಾ ಮಷೀನ್ ಆರಿಸಿ ನಾನೊಬ್ಬಾಕೀನೇ ಟೇಬಲ್ಲಿಗೆ ಪೂಜಿ ಮಾಡಿದೆ. ಕೀಬೋರ್ಡಿಗೆ ಅರಿಷಿಣ ಕುಂಕುಮ ಹಚ್ಚಿದೆ, ಸ್ಕ್ರೀನಿಗೆ ಚೆಂಡುಹೂ ಹಾಕಿದೆ. ಪಕ್ಕದಾಗ ಪುಸ್ತಕದ ಜಾಗಾ ಖಾಲಿ ಇತ್ತು. ಅಲ್ಲೆ ಬಾಳಿಹಣ್ಣು ಇಟ್ಟೆ. ನಮ್ಮನಿಯವರು ಆರತಿ ಹಿಡಕೊಂಡು ಏನೂ ಅನಲಿಲ್ಲ. ಅಂದಿದ್ರ ಅವರಿಗೂ ಮಂಗಳಾರತಿ ಆಗತಿತ್ತು.

ಮಧ್ಯಾಹ್ನ ಹೋಳಿಗಿ ತಗೊಂಡು ಎದುರುಮನಿಗೆ ಹೋದೆ. ಕರದಿದ್ರು, ಹೋಗದಿದ್ರ ಹೊಟ್ಟಿಕಿಚ್ಚು ಅಂತ ತಿಳೀತದಲ್ಲ. ಮಗಳು ಅಡಗಿಮನ್ಯಾಗ ಎಲಿ ಒರಸಲಿಕತ್ತಿದ್ಲು. ಟೇಬಲ್ ಮ್ಯಾಲೆ ಶಾರದೆಯ ಫೋಟೋ, ಅದರ ಮುಂದ ನನ್ನ ಮಗಳ ಪುಸ್ತಕ ಒಂದರ ಮ್ಯಾಲೊಂದು. ಗಣಿತದ ಪುಸ್ತಕಕ್ಕ ನಾನು ಹಾಕಿದ ಕಂದು ಕವರ್. ಕೈ ಮುಗದೆ. ಖರೇ ಹೇಳ್ತೀನಿ, ದೇವರನ್ನ ನೋಡಲಿಲ್ಲ, ವೈರ್ ಹುಡುಕಿದೆ. ಒಂದು ಹೂ ಬೇಕಂತ ಕೆಳಗ ಬೀಳಿಸಿ, ಎತ್ತಿಕೊಳ್ಳೂ ನೆವದಿಂದ ಟೇಬಲ್ ಕೆಳಗ ಬಗ್ಗಿದೆ.

ವೈರ್ ಎಲ್ಲಾ ಅಲ್ಲೇ ಇದ್ದವು. ಟೇಬಲ್ಲಿನ ಹೊಟ್ಟಿಗೆ ಒಂದು ಜಾಳಗಿ ಬಡದು, ಅದರಾಗ ಬೋರ್ಡು ಮಲಗಿಸ್ಯಾರ, ಒಂದು ಅಡಾಪ್ಟರಿಗೆ ಇನ್ನೊಂದು ತಾಗಧಂಗ. ಅಲ್ಲಿಂದ ಒಂದೊಂದೇ ವೈರು ಹಿಂದಿನ ಕಾಲಿನ ಗುಂಟ ಕೆಳಗ ಇಳದದ. ಒಂದೊಂದನ್ನೂ ನೀಲಿ ರಿಬ್ಬನ್ನಿನಿಂದ ಕಟ್ಟ್ಯಾರ, ಎಳದ್ರ ಬಿಚ್ಚೂವಂಥಾ ಹೂಗಂಟು. ಆ ಗಂಟು ನಾನು ಕಲಿಸಿದ್ದು. ಆ ರಿಬ್ಬನ್ ನನ್ನ ಮಗಳದು. ಎರಡು ಜಡಿ ಹಾಕಿ ಸಾಲಿಗೆ ಕಳಸ್ತಿದ್ದಾಗ ದಿನಾ ಮುಂಜಾನೆ ನಾನೇ ಕಟ್ಟತಿದ್ದ ರಿಬ್ಬನ್. ಒಂದರ ತುದಿ ಕರಗಿತ್ತು, ಇಸ್ತ್ರಿ ಮಾಡೂವಾಗ ನಾನೇ ಸುಟ್ಟಿದ್ದು.

ನಾನು ಬಗ್ಗಿದಾಕಿ ಏಳದ್ದು ನೋಡಿ ಎದುರುಮನಿಯಾಕಿ ಹತ್ರ ಬಂದ್ಲು.

‘ನಿಮಗೆ ಗೊತ್ತಿಲ್ವಾ? ಇದೆಲ್ಲ ನಿಮ್ಮ ಮಗಳೇ ಮಾಡಿದ್ದು ಮಾರಾಯ್ರೆ. ರಜೆಯಲ್ಲಿ ಇಡೀ ದಿನ ಟೇಬಲಿನ ಅಡಿಯಲ್ಲೇ ಇದ್ದಳು. ನಿಮ್ಮದೂ ಮಾಡಿ ಕೊಡು ಅಂತ ನಾನು ಹೇಳಿದೆ. ಅಮ್ಮನ ವೈರ್ ಮುಟ್ಟಲಿಕ್ಕಿಲ್ಲ ಅಂದಳು.’

ಮನಿಗೆ ಮಾರಿ, ಊರಿಗೆ ಉಪಕಾರಿ. ಬಾಯಿತನಕ ಬಂದಿತ್ತು, ತಡಕೊಂಡೆ. ಇಷ್ಟು ದಿನ ನಾನು ಹೊಟ್ಟಿ ಸುಟಗೊಂಡದ್ದು ಆಕಿ ಅಚ್ಚುಕಟ್ಟುತನಕ್ಕ ಅಂತ ತಿಳಕೊಂಡಿದ್ದೆ. ಅದು ನನ್ನ ಹೊಟ್ಟಿಯೊಳಗಿಂದ ಬಂದ ಕೂಸಿನ ಕೈಗೆಲಸ, ಬೇರೇದಾಕಿ ಮನ್ಯಾಗ. ಮೊದಲಿನ ಉರಿ ಇದರ ಮುಂದ ಏನೂ ಅಲ್ಲ. ಆಗಿಂದಾಗ ಮಗಳ ಕೈ ಹಿಡಕೊಂಡು ಎಳಕೊಂಡು ಬಂದು ನನ್ನ ಟೇಬಲ್ ಕೆಳಗ ಕೂಡಸಬೇಕು ಅನಿಸಿತು. ಆದ್ರ ಪೂಜಿ ಆದ ಸಾಮಾನು, ಬನ್ನಿ ಮುಡಿಯೋತನಕ ಮುಟ್ಟೋಹಂಗಿಲ್ಲ. ಹೋಳಿಗಿ ಡಬ್ಬಿ ಅಲ್ಲೇ ಬಿಟ್ಟು, ತಲಿನೋವು ಅಂತ ಹೇಳಿ ಬಂದೆ.

ಮರುದಿನ ವಿಜಯದಶಮಿ. ಇಲ್ಲಿಯವರು ಘಾಫ್ ಅಂತಾರಲ್ಲ, ಅದೇ ನಮ್ಮ ಬನ್ನಿ ಗಿಡ. ನಮ್ಮನಿಯವರು ಕೆಲಸಕ್ಕ ಸುವೈಕ್ ಕಡೆ ಹೋದಾಗ ಒಬ್ಬ ತೋಟದವರನ್ನ ಕೇಳಿ ಒಂದು ಹಿಡಿ ಎಲಿ ತಂದಿಟ್ಟಿದ್ರು. ದೇವರಿಗೆ ಏರಿಸಿ ಅವರಿಗೆ ಕೊಟ್ಟೆ, ಅವರು ನನಗ ಕೊಟ್ಟರು. ಹೊತ್ತೇರಿದಮ್ಯಾಲೆ ಮಗಳು ಎದುರುಮನಿಯಿಂದ ಪುಸ್ತಕ ಹೊತ್ತುಕೊಂಡು ಬಂದ್ಲು. ಅವನ್ನ ನೆಲದ ಮ್ಯಾಲೆ ಇಟ್ಟು, ನನ್ನ ಕೈಯಾಗ ಎಲಿ ಕೊಟ್ಟು, ಕಾಲು ಮುಟ್ಟಿದ್ಲು.

‘ಬನ್ನಿ ತಗೊಂಡು ಬಂಗಾರಧಂಗ ಇರೋಣ’ ಅಂದ್ಲು. ಇಂಗ್ಲಿಷಿನ ನಾಲಿಗಿ, ಆದ್ರ ನಮ್ಮ ಮಾತು. ಪ್ರತಿ ವರ್ಷ ನಾನು ಚೆನ್ನಾಗಿ ಓದು ಅಂತ ಆಶೀರ್ವಾದ ಮಾಡ್ತೀನಿ. ಅವತ್ತು ಬಾಯಿಗೆ ಅದು ಬರಲಿಲ್ಲ. ಕಪಾಟಿನಾಗಿನ ಕತ್ತರಿ ತಗದು ಆಕಿ ಕೈಯಾಗ ಇಟ್ಟೆ.

‘ನನ್ನ ವೈರ್ ಮುಟ್ಟು ಬಾ’ ಅಂದೆ.

ಆಕಿ ನನ್ನ ಮುಖ ನೋಡಿದ್ಲು. ಕಸೂತಿ ಬಟ್ಟಿ ತಗದು ಮಡಚಿಟ್ಲು, ಟೇಬಲ್ ಕೆಳಗ ಹೊಕ್ಕಳು. ನಾನು ಬಿಗದು ಕಟ್ಟಿದ್ದ ಪಟ್ಟಿ ಒಂದೊಂದೇ ಕತ್ತರಿಸಿದ್ದು ಕೇಳಸತಿತ್ತು. ನನ್ನ ಕೈಯಾಗ ಮೊಬೈಲಿನ ಟಾರ್ಚ್ ಹಚ್ಚಿಕೊಟ್ಟು ಬೆಳಕು ಹಿಡೀಲಿಕ್ಕೆ ಹಚ್ಚಿದ್ಲು. ಸ್ವಲ್ಪ ಹೊತ್ತಾದಮ್ಯಾಲೆ ಕಟ್ಟಲಿಕ್ಕೆ ಏನರ ಬೇಕು ಅಂದ್ಲು. ರಿಬ್ಬನ್ ಎಲ್ಲೆವ ಅಂತ ಕೇಳಿದೆ. ಎಲ್ಲಾ ಆಂಟಿ ಮನ್ಯಾಗ ಮುಗದುಹೋದವು ಅಂದ್ಲು. ಒಂದು ಸುದ್ಧಾ ಉಳಸಿಲ್ಲ ನೋಡ್ರಿ ನನಗ. ಎದ್ದು ಹೋಗಿ ಹಳೇ ಅರಿವಿ ಗಂಟು ಬಿಚ್ಚಿ ನಮ್ಮವ್ವನ ಹಳೇ ಇಳಕಲ್ ಸೀರಿ ತಗದೆ, ಹರದದ್ದೇ ಇತ್ತು, ಅದರ ಕೆಂಪು ಅಂಚು ಸೀಳಿ ಸೀಳಿ ಕೊಟ್ಟೆ. ಎದುರುಮನಿ ಟೇಬಲ್ಲಿಗೆ ಸಾಲಿ ರಿಬ್ಬನ್ ಅಂದ್ರ ನಮ್ಮದಕ್ಕ ಇಳಕಲ್ ಅಂಚು. ಕಟ್ಟಲಿ, ಯಾರು ನೋಡ್ತಾರೋ ನೋಡಲಿ.

ಅಷ್ಟರಾಗ ಬಾಗಲ ತಗದೇ ಇತ್ತಂತ ಎದುರುಮನಿಯಾಕಿ ನನ್ನ ಹೋಳಿಗಿ ಡಬ್ಬಿ ತೊಳದು, ಅದರಾಗ ಪಾಯಸ ಹಾಕ್ಕೊಂಡು ಖೋಲಿತನಕ ಬಂದ್ಲು. ಟೇಬಲ್ ಕೆಳಗಿನಿಂದ ಹೊರಗ ಚಾಚಿದ್ದ ಎರಡು ಪಾದ ನೋಡಿ ಅಲ್ಲೇ ನಿಂತ್ಲು. ಬರ್ರಿ ಕೂಡ್ರಿ ಅನ್ನಬೇಕಾಗಿತ್ತು ನಾನು. ಅನ್ಲಿಲ್ಲ. ನೋಡಲಿ ಸ್ವಲ್ಪ ಹೊತ್ತು ಅಂತ ಬಿಟ್ಟೆ.

ಆಕಿ ಡಬ್ಬಿ ಮಂಚದ ಮ್ಯಾಲೆ ಇಟ್ಟು, ಸಂಜಿಗೆ ಓದಲಿಕ್ಕೆ ಬರತಾಳಲ್ಲ ಅಂತ ಮೆಲ್ಲಕ ಕೇಳಿದ್ಲು. ನನ್ನ ನೋಡಿ ಕೇಳಲಿಲ್ಲ, ಆ ಪಾದ ನೋಡಿ ಕೇಳಿದ್ಲು. ಮಗಳು ಬಾಯಿ ತಗಿಯೋದರಾಗ ನಾನೇ ಹೇಳಿದೆ, ಇವತ್ತ ಬರೂದಿಲ್ರಿ, ಇಲ್ಲೇ ಓದತಾಳ.

‘ನಾಳೆ ಬರ್ತೀನಿ ಆಂಟಿ’ ಅಂತ ಟೇಬಲ್ ಕೆಳಗಿನಿಂದ ಬಂತು.

ನನ್ನ ಕೈ ಸರೀತೇನೋ, ಕೆಳಗ ಕತ್ತಲಾತು.

‘ಅಮ್ಮಾ, ಲೈಟ್ ಸ್ಟ್ರೇಟ್ ಹಿಡಿ’ ಅಂದ್ಲು.

ಹಿಡದೆ.